ಸೂಜಿಯಕ್ಕನ ಬಲಗೈ

ಸರಕು ನೋಡುವ ಕಣ್ಣಿನಿಂದ ಅಳೆದರೆ ಸೂಜಿಯಕ್ಕನಿಗೆ ಮೊದಲ ನೋಟದಲ್ಲಿ ಒಳ್ಳೆಯ ದರ ಹೇಳುವವರು ಯಾರೂ ಸಿಗಲಾರರು. ಒಣಕಲು ಮೈ, ಬಣ್ಣ ಮಾಸಿದ ಏಪ್ರನ್, ತುದಿ ಮುರಿದ ಮುಂಹಲ್ಲು, ಹೊಸ ಗೋಣಿಚೀಲದಷ್ಟು ಒರಟು ದನಿ. ಆದರೆ ನಾನು ಧಾನ್ಯದ ವ್ಯಾಪಾರಿ. ಮೇಲಿನ ಚೀಲ ನೋಡಿ ಲೋಡು ಕೊಳ್ಳುವವರ ಪೈಕಿ ಅಲ್ಲ. ಅವಳನ್ನು ತಳದವರೆಗೆ ಕಂಡವನಾಗಿ ಹೇಳುತ್ತೇನೆ: ಜೊಳ್ಳಿಲ್ಲ, ತೇವವಿಲ್ಲ, ಹುಳ ಹಿಡಿದಿಲ್ಲ. ಕಲ್ಲು ಮಾತ್ರ ಅಲ್ಲಲ್ಲಿ ಇದೆ. ಅದೂ ಹೆಚ್ಚಾಗಿ ನನ್ನ ಹಲ್ಲಿಗೇ ಸಿಕ್ಕಿದೆ.

ನನ್ನ ಗೋದಾಮಿನಲ್ಲಿ ಅವಳ ಕೆಲಸ ಭತ್ತದ ಗುಣ ನೋಡುವುದು. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ತಿರುಗಿಸುತ್ತಾಳೆ. ಒಳಗಿನ ಕಾಳು ಕೊಳವೆಯ ಹಾದಿ ಹಿಡಿದು ಅಂಗೈಗೆ ಇಳಿಯುತ್ತದೆ. ಸೂಜಿಯಕ್ಕ ಎಂಬ ಹೆಸರು ಆ ಕೊಳವೆಯಿಂದ ಬಂತೆಂದು ಅವಳು ಹೇಳುತ್ತಾಳೆ. ನಾಲಿಗೆಯಿಂದ ಬಂತೆಂದು ಹಮಾಲರು ಹೇಳುತ್ತಾರೆ. ಮಾರಲು ಬಂದವನ ಮುಖಕ್ಕೇ, “ಅಣ್ಣಾ, ಮೇಲೆ ಈ ವರ್ಷದ್ದು, ಕೆಳಗೆ ನಿಮ್ಮ ತಾತನ ಕಾಲದ್ದು ತುಂಬಿದ್ದೀಯಲ್ಲ, ಎರಡಕ್ಕೂ ಪರಿಚಯ ಮಾಡಿಸಿದ್ದೀಯಾ?” ಎಂದು ಕೇಳಿದವಳು ಅವಳು.

ನಮ್ಮ ಕಸುಬಿನವರ ಕೈಗೆ ಒಂದು ಚಾಳಿ ಇದೆ. ಒಂದು ಹಿಡಿ ಭತ್ತ ತೆಗೆದುಕೊಳ್ಳುತ್ತೇವೆ. ಊದಿ ಧೂಳು ಹಾರಿಸುತ್ತೇವೆ. ಒಂದು ಕಾಳನ್ನು ಹಲ್ಲಿಗಿಟ್ಟು ಕಡಿಯುತ್ತೇವೆ. ಟಕ್ಕೆಂದರೆ ಒಣಗಿದೆ, ಮೆತ್ತಗಾದರೆ ಇನ್ನೂ ಬಿಸಿಲು ಬೇಕು. ಆಮೇಲೆ ಮುಷ್ಟಿಯಲ್ಲಿ ಉಳಿದದ್ದನ್ನು ಕೈಗೆ ಹತ್ತಿರವಿರುವ ಯಾವುದೋ ಬಾಯಿ ತೆರೆದ ಚೀಲಕ್ಕೆ ಸುರಿಯುತ್ತೇವೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಕಾಳನ್ನು ನೆಲಕ್ಕೆ ಚೆಲ್ಲಲು ಮನಸ್ಸು ಬಾರದು, ಅಷ್ಟೇ. ತಲೆ ಬೇರೆ ಮಾತಿನಲ್ಲಿರುತ್ತದೆ, ಕೈ ತನ್ನ ಪಾಡಿಗೆ ತಾನು ಬಿಚ್ಚಿಕೊಳ್ಳುತ್ತದೆ.

ಗೋದಾಮಿನ ಹಿಂಭಾಗವನ್ನು ಸಂಶೋಧನಾ ಸಂಸ್ಥೆಯವರಿಗೆ ಬಾಡಿಗೆಗೆ ಕೊಟ್ಟೆ. ನಡುವೆ ಗೋಡೆ ಎಬ್ಬಿಸಿದರು, ಒಂದೇ ಬಾಗಿಲಿಟ್ಟರು, ಬಾಗಿಲಾಚೆ ತಮ್ಮ ಭತ್ತ ಇಟ್ಟರು. ಹೊತ್ತು ತಂದವರು ಮೂಗು ಮುರಿದರು: ಇದಕ್ಕೆ ಇಷ್ಟೊಂದು ಸಿಂಗಾರವೇ? ನೋಡಲು ನಮ್ಮ ಭತ್ತವೇ. ಅದೇ ಬಣ್ಣ, ಅದೇ ವಾಸನೆ, ಕಡಿದರೆ ಅದೇ ಟಕ್.

ಅದನ್ನು ಬೆಳೆಸಿದವರು ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ವಿಜ್ಞಾನಿ. ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ಚೀಲದ ರಾಶಿಯ ಮೇಲೆ ಕೂತು ಸೂಜಿಯಕ್ಕನಿಗೆ ವಿಷಯ ತಿಳಿಸಿದ್ದನ್ನು ನಾನೂ ಕೇಳಿದೆ. ಗಿಡದ ಡಿಎನ್ಎಯಲ್ಲಿ ಗೊತ್ತುಮಾಡಿದ ಒಂದು ಜಾಗದಲ್ಲಿ ಕತ್ತರಿಸಿ, ತಾಯಿಯ ಹಾಲಿನಲ್ಲಿರುವ ಒಂದು ಪ್ರೋಟೀನನ್ನು ಮಾಡುವ ಸೂಚನೆಯನ್ನು ಅಲ್ಲಿ ಸೇರಿಸಿದ್ದಾರೆ. ಗಿಡ ಆ ಪ್ರೋಟೀನನ್ನು ಕಾಳಿನೊಳಗೆ ಕೂಡಿಡುತ್ತದೆ. ಮುಂದೆ ಅಕ್ಕಿಯಿಂದ ಅದನ್ನು ಬೇರ್ಪಡಿಸಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಕೊಡುವ ಆಲೋಚನೆ. ಪರೀಕ್ಷೆಗಳು ಇನ್ನೂ ಬೇಕಾದಷ್ಟಿವೆ.

“ಅಂದ್ರೆ ಚೀಲದ ಹೊಲಿಗೆ ಒಂದು ಕಡೆ ಬಿಚ್ಚಿ, ತೇಪೆ ಇಟ್ಟು, ಮತ್ತೆ ಹೊಲಿದ ಹಾಗೆ,” ಎಂದಳು ಸೂಜಿಯಕ್ಕ.

“ಸುಮಾರಾಗಿ ಹಾಗೇ ಅಕ್ಕ. ಆದ್ರೆ ತೇಪೆ ಹೊರಗೆ ಕಾಣಲ್ಲ.”

“ಕಾಣದ ತೇಪೆ ಒಳ್ಳೇದಲ್ಲಮ್ಮ. ನಮ್ಮ ಯಜಮಾನ್ರ ಚೀಲಗಳನ್ನ ಕೇಳಿ ನೋಡಿ.”

ಆ ಪ್ರೋಟೀನನ್ನು ಐಸಿನಲ್ಲಿಡಬೇಕಿಲ್ಲ, ಕಾಳನ್ನು ಒಣಗಿಸಿ ಚೀಲಕ್ಕೆ ತುಂಬಿದರೆ ವರ್ಷಗಟ್ಟಲೆ ಕೆಡದು ಎಂದು ಮೇಡಂ ಹೇಳಿದಾಗ ನನಗೂ ಅವರ ಮೇಲೆ ಗೌರವ ಮೂಡಿತು. ಅಲ್ಲಿಯವರೆಗೆ ಅವರನ್ನು ಬರೀ ಬಾಡಿಗೆದಾರರು ಎಂದುಕೊಂಡಿದ್ದೆ.

ಹಿಂದಿನ ಕೋಣೆಯ ಉಸ್ತುವಾರಿಗೆ ಮೇಡಂ ಸೂಜಿಯಕ್ಕನನ್ನೇ ಕೇಳಿದರು. ಅವಳು ಒಪ್ಪಿದ್ದಕ್ಕೆ ಕಾರಣವಿತ್ತು. ಅವಳ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು. ಸೂಜಿಯಕ್ಕನಿಗೆ ಹಾಲು ಬರಲಿಲ್ಲ. ಪಕ್ಕದ ಮನೆಯಾಕೆ ತನ್ನ ಮಗುವಿನ ಜೊತೆ ಇದಕ್ಕೂ ಕುಡಿಸಿ ಉಳಿಸಿದಳು. ಆ ಕೂಸು ಈಗ ಟೈಲರ್ ಅಂಗಡಿ ಇಟ್ಟು ಇಡೀ ಬೀದಿಯನ್ನು ಗದರಿಸುತ್ತದೆ. “ಪಕ್ಕದ ಮನೆಯಾಕೆ ಎಲ್ಲರಿಗೂ ಸಿಗಲ್ಲ ಯಜಮಾನ್ರೇ,” ಎಂದಳು ಸೂಜಿಯಕ್ಕ. ಅಷ್ಟು ಹೇಳಿ ಹಿಂದಿನ ಬಾಗಿಲಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಟ್ಟುಪಾಡು ಒಂದೇ: ಅಲ್ಲಿಯ ಒಂದು ಕಾಳೂ ಹೊರಗೆ ಬರಬಾರದು. ಬಂದು ಯಾರದೋ ಗದ್ದೆ ಸೇರಿದರೆ ಬೆಳೆಗೆ ಕೊಟ್ಟ ಅನುಮತಿಯೇ ರದ್ದಾಗುತ್ತದೆ. ಇದ್ದಬದ್ದ ಬೀಜವನ್ನೆಲ್ಲ ಸುಡಬೇಕಾಗುತ್ತದೆ. ಆ ಬೀಜ ಮೇಡಂ ಬಳಿ ಇನ್ನೆಲ್ಲೂ ಇರಲಿಲ್ಲ. ಹಾಗಾಗಿ ಬಾಗಿಲ ಬಳಿ ಚಪ್ಪಲಿ ಬದಲಿಸಬೇಕು, ಏಪ್ರನ್ ಕೊಡವಬೇಕು, ಜೇಬು ತಿರುವಿ ತೋರಿಸಬೇಕು. ಹಲ್ಲಿನಿಂದ ಕಡಿಯುವಂತಿಲ್ಲ, ತೇವ ಹೇಳಲು ಒಂದು ಯಂತ್ರವಿದೆ, ಅದರ ಬಟ್ಟಲಿಗೆ ಕಾಳು ಹಾಕಬೇಕು, ನೋಡಿದ ಮೇಲೆ ಅದೇ ಚೀಲಕ್ಕೆ ಮರಳಿಸಬೇಕು.

ಬಿತ್ತನೆಯ ಕಾಲ ಹತ್ತಿರ ಬಂತು. ಅವತ್ತು ಬೆಳಿಗ್ಗೆ ಗೋದಾಮಿನ ಮುಂಭಾಗದಲ್ಲಿ ಬೀಜದ ಮಳಿಗೆಗೆ ಹೋಗಬೇಕಿದ್ದ ನನ್ನ ಬಿತ್ತನೆ ಭತ್ತವನ್ನು ಚೀಲಕ್ಕೆ ತುಂಬುತ್ತಿದ್ದರು. ಹಿಂದೆ ಸೂಜಿಯಕ್ಕ ಮೇಡಂ ಭತ್ತದ ತೇವ ನೋಡುತ್ತಿದ್ದಳು. ಚೀಲದ ಹೊಲಿಗೆ ಸಡಿಲವಾಯಿತೆಂದು ಗುಮಾಸ್ತನಿಗೂ ಹಮಾಲರಿಗೂ ಜಗಳ ಹತ್ತಿತು.

“ಅಕ್ಕಾ, ಬಂದು ನೀನೇ ಹೇಳು ಇವರಿಗೆ!” ಎಂದು ಗುಮಾಸ್ತ ಕೂಗಿದ.

ಅವಳು ಬಂದಳು. ಚಪ್ಪಲಿ ಬದಲಿಸಿದಳು, ಏಪ್ರನ್ ಕೊಡವಿದಳು, ಜೇಬು ತಿರುವಿದಳು, ಹಮಾಲರಿಗೆ ಎರಡು, ಗುಮಾಸ್ತನಿಗೆ ನಾಲ್ಕು ಮಾತು ಚುಚ್ಚಿದಳು. ಲಾರಿ ತುಂಬಿತು. ಓಡಿಸುವವನು ಅವಳ ಅಳಿಯ. “ಅತ್ತೆ, ಬರ್ತೀನಿ,” ಎಂದ. “ಅಳಿಯಂದ್ರು ಹೋಗಿ ಬನ್ನಿ, ದಾರೀಲಿ ಎಲ್ಲ ಟೀ ಅಂಗಡಿಗೂ ಹಾಜರಿ ಹಾಕಬೇಡಿ,” ಎಂದು ಕಳಿಸಿದಳು.

ಲಾರಿ ಹೋದ ಮೇಲೆ ಅವಳು ಒಳಗೆ ಹೋದಳು. ಮೇಡಂ ಯಂತ್ರದ ಮುಂದೆ ನಿಂತಿದ್ದರು.

“ಅಕ್ಕ, ಈ ಚೀಲದ ತೇವ ಎಷ್ಟು ಬಂತು?”

ಸೂಜಿಯಕ್ಕ ಬಟ್ಟಲು ನೋಡಿದಳು. ಬಟ್ಟಲು ಖಾಲಿ. ಚೀಲದ ಬಾಯಿ ತೆರೆದೇ ಇತ್ತು, ಕೊಳವೆ ಪಕ್ಕದಲ್ಲಿ ಬಿದ್ದಿತ್ತು. ಅವಳ ನಾಲಿಗೆ ಮುರಿದ ಹಲ್ಲಿನ ಕಡೆ ಹೋಯಿತು. ಅಲ್ಲಿ ಒಂದು ಸಿಪ್ಪೆ ಸಿಕ್ಕಿಕೊಂಡಿತ್ತು.

ಅವಳು ಹೊರಗೆ ಬಂದಳು. ಬಲಗೈಯನ್ನು ಮೈಯಿಂದ ದೂರ ಹಿಡಿದಿದ್ದಳು, ಬೇರೆ ಯಾರದೋ ಕೈ ಎಂಬಂತೆ. ಚಪ್ಪಲಿ ಬದಲಿಸಿದ್ದು, ಏಪ್ರನ್ ಕೊಡವಿದ್ದು, ಜೇಬು ತಿರುವಿದ್ದು ಎಲ್ಲವೂ ಎಡಗೈಯಿಂದ. ಬಲಗೈ ಮುಷ್ಟಿ ಕಟ್ಟಿಕೊಂಡೇ ಬಾಗಿಲು ದಾಟಿತ್ತು. ಜಗಳದ ನಡುವೆ ಒಂದು ಕಾಳು ಹಲ್ಲಿಗೆ ಹೋಗಿತ್ತು. ಮಿಕ್ಕದ್ದು ನನ್ನ ಬಿತ್ತನೆ ಭತ್ತದ ಯಾವುದೋ ಚೀಲಕ್ಕೆ.

“ಯಾವ ಚೀಲ?” ಎಂದೆ.

“ಗೊತ್ತಿಲ್ಲ.”

ಗುಮಾಸ್ತ ಅವಳ ಹತ್ತಿರ ಸರಿದು ದನಿ ತಗ್ಗಿಸಿದ. “ಒಂದು ಹಿಡಿ ಅಲ್ವಾ ಅಕ್ಕ? ಇಡೀ ಲಾರಿಯೊಳಗೆ ಒಂದು ಹಿಡಿ. ಯಾರು ನೋಡಿದ್ರು? ನಿನ್ನ ಬಾಯಿ ಒಂದು ಮುಚ್ಚಿದ್ರೆ ಆಯ್ತು.”

“ನನ್ನ ಬಾಯಿ ಮುಚ್ಚೋದನ್ನ ನೀನು ಯಾವಾಗಪ್ಪ ನೋಡಿದ್ದು?” ಎಂದಳು. ಅವನನ್ನು ಬದಿಗೆ ಸರಿಸಿ ಒಳಗೆ ಹೋಗಿ ಮೇಡಂಗೆ ಹೇಳಿದಳು. ಆ ಹೊತ್ತಿನಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಒಳ್ಳೆಯದೇ ಆಯಿತು.

ಮೇಡಂ ಬಾಗಿಲಿಗೆ ಬಂದರು. “ಊಟಕ್ಕೆ ಹೋಗೋ ಭತ್ತವಾ?”

“ಅಲ್ಲ ಅಮ್ಮ. ಬಿತ್ತನೆಗೆ.”

ಊಟಕ್ಕಾದರೆ ಅಕ್ಕಿ ಮಾಡಿಸಿ, ಬೇಯಿಸಿ, ಅಲ್ಲಿಗೆ ಮುಗಿಯುತ್ತಿತ್ತು. ಬಿತ್ತಿದರೆ ಮುಗಿಯುವುದಿಲ್ಲ. ಒಂದು ಹಿಡಿ ಒಂದು ಸಸಿಮಡಿಯಾಗುತ್ತದೆ, ಮಡಿ ಗದ್ದೆಯಾಗುತ್ತದೆ, ಗದ್ದೆಯ ಭತ್ತದಿಂದ ಇನ್ನೊಬ್ಬ ಬೀಜ ಕೇಳಿ ಒಯ್ಯುತ್ತಾನೆ. ಕಣ್ಣಿಗೆ ಕಾಣುವ ಗುರುತೂ ಇಲ್ಲ. ಆಮೇಲೆ ಕರೆದರೆ ಹಿಂದಕ್ಕೆ ಬರುವ ಸರಕಲ್ಲ ಅದು.

ಅಳಿಯನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮಗಳಿಗೆ ಮಾಡಿದಳು.

“ಗಾಡಿ ಓಡಿಸುವಾಗ ಫೋನ್ ಎತ್ತಿದ್ರೆ ಕೈ ಮುರೀತೀನಿ ಅಂತ ನಾನೇ ಹೇಳಿದ್ದೀನಮ್ಮ,” ಎಂದಳು ಮಗಳು. “ಈಗ ನೋಡು, ಮೊದಲ ಸಲ ನನ್ನ ಮಾತು ಕೇಳ್ತಿದ್ದಾರೆ.”

ಮಳಿಗೆಗೆ ಮಾಡಿದರೆ ಅಲ್ಲಿ ಬೀಜ ಹಂಚುವ ದಿನದ ಗಲಾಟೆ, ಯಾರೂ ಎತ್ತುವವರಿಲ್ಲ. ನಾನು ವ್ಯಾನ್ ತೆಗೆದೆ. ಮೇಡಂ ಮುಂದೆ ಕೂತರು, ಸೂಜಿಯಕ್ಕ ಹಿಂದೆ.

ರಸ್ತೆಗೆ ಇಳಿಯುತ್ತಿದ್ದ ಹಾಗೇ ಮೇಡಂ ಅನುಮತಿ ಕೊಟ್ಟ ಅಧಿಕಾರಿಗೆ ಫೋನ್ ಹಚ್ಚಿದರು.

“ಲಾರಿ ಸಿಕ್ಕ ಮೇಲೆ ಹೇಳಿದ್ರಾಗುತ್ತಲ್ಲ ಮೇಡಂ?” ಎಂದೆ.

“ಸಿಗದಿದ್ರೆ?”

ಅವರು ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿದರು, ಯಾರ ತಲೆಗೂ ಕಟ್ಟದೆ. ಆ ಕಡೆಯ ದನಿ ಗಟ್ಟಿಯಾಯಿತು. ಇವರು “ಹೌದು ಸರ್, ಗೊತ್ತು ಸರ್,” ಎನ್ನುತ್ತ ಹೋದರು. ಫೋನ್ ಇಟ್ಟ ಮೇಲೆ ಕಿಟಕಿಯ ಕಡೆ ತಿರುಗಿದರು. “ಬೀಜವೆಲ್ಲ ಸುಡೋಕೆ ತಯಾರಾಗಿರಿ ಅಂದ್ರು.”

ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿ ತನಗೆ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ ಒಂದೊಂದೇ ಡಬ್ಬಿ ಎಳೆಯಿತು. ಕನ್ನಡಿಯಲ್ಲಿ ನೋಡಿದೆ. ಸೂಜಿಯಕ್ಕ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅಮುಕಿ ಹಿಡಿದಿದ್ದಳು, ಕಳ್ಳನನ್ನು ಠಾಣೆಗೆ ಒಯ್ಯುವವರ ಹಾಗೆ.

“ಅಮ್ಮ,” ಎಂದಳು ಮೇಡಂಗೆ. “ಬೈದುಬಿಡಿ ಒಂದು ಸಲ. ಸುಮ್ನೆ ಕೂತ್ರೆ ತಡೆಯೋಕೆ ಆಗಲ್ಲ.”

“ಬೈದ್ರೆ ಕಾಳು ಸಿಗುತ್ತಾ ಅಕ್ಕ?”

ಗೇಟು ಎದ್ದಿತು.

ಮಳಿಗೆಯ ಅಂಗಳದಲ್ಲಿ ಲಾರಿ ನಿಂತಿತ್ತು. ಅರ್ಧದಷ್ಟು ಚೀಲಗಳನ್ನು ಇಳಿಸಿಯಾಗಿತ್ತು. ಖಾಲಿ ಚೀಲ ಹಿಡಿದ ಜನ ಬಾಗಿಲಿಂದ ರಸ್ತೆಯವರೆಗೆ ಸಾಲುಗಟ್ಟಿದ್ದರು. ಒಳಗೆ ನಮ್ಮ ಚೀಲಗಳ ಪಕ್ಕದಲ್ಲೇ ಇನ್ನೊಬ್ಬ ವ್ಯಾಪಾರಿಯ ಭತ್ತ, ಬಾಯಿ ತೆರೆದು ಹಂಚಲು ಇಟ್ಟದ್ದು. ನಡುವೆ ಮಳಿಗೆಯ ಮ್ಯಾನೇಜರು, ನಮ್ಮದೊಂದು ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಊದಿ, ಒಂದು ಕಾಳು ಹಲ್ಲಿಗಿಟ್ಟು, ಪಕ್ಕದವನ ಜೊತೆ ಏನೋ ಮಾತಾಡುತ್ತಿದ್ದರು. ಮುಷ್ಟಿ ಆ ಇನ್ನೊಬ್ಬನ ಚೀಲದ ಮೇಲೆ ತೇಲುತ್ತಿತ್ತು.

“ಸ್ವಾಮೀ, ಮುಷ್ಟಿ ಬಿಚ್ಚಬೇಡಿ!”

ಆ ಕೂಗಿಗೆ ಸಾಲಿನಲ್ಲಿದ್ದವರೂ ತಮ್ಮ ತಮ್ಮ ಮುಷ್ಟಿ ಬಿಗಿ ಹಿಡಿದರು. ಮ್ಯಾನೇಜರು ಕಲ್ಲಾದರು. ಸೂಜಿಯಕ್ಕ ಜನರನ್ನು ತಳ್ಳಿಕೊಂಡು ಓಡಿ, ಏಪ್ರನ್ನಿನ ಅಂಚು ಹಿಡಿದೆತ್ತಿ ಅವರ ಕೈಕೆಳಗೆ ಚಾಚಿದಳು.

“ಈಗ ಇದರೊಳಗೆ ಬಿಡಿ. ನಿಧಾನಕ್ಕೆ. ಬೆರಳ ಸಂದೀಲಿ ಇರೋದೂ ಉದುರಿಸಿ.”

“ಯಾರಮ್ಮ ನೀನು? ಹುಚ್ಚು ಗಿಚ್ಚು ಹಿಡಿದಿದೆಯಾ?”

“ಹಿಡಿಯೋದರಲ್ಲಿದೆ. ಇದಕ್ಕೆ ಮುಂಚೆ ನಮ್ಮ ಚೀಲ ಯಾವುದಾದ್ರೂ ಬಿಚ್ಚಿದ್ರಾ?”

“ಇದೇ ಮೊದಲನೇದು.”

“ಸಾಲಿನಲ್ಲಿ ಯಾರಿಗಾದ್ರೂ ಕೊಟ್ರಾ?”

“ಇನ್ನೂ ಇಲ್ಲ.”

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಏಪ್ರನ್ನಿನ ಅಂಚು ಮಾತ್ರ ಬಿಡಲಿಲ್ಲ. ಬೀಡಾ ಅಂಗಡಿಯ ಕಡೆಯಿಂದ ಅಳಿಯ ಬಂದ. “ಅತ್ತೆ! ಎಷ್ಟು ಸಲ ಫೋನ್ ಮಾಡಿದ್ದೀರಿ! ಮನೇಲಿ ಏನಾದ್ರೂ...”

“ಬಾಯಿ ಮುಚ್ಕೊಂಡು ಚೀಲ ಹತ್ತಿಸಿ ಅಳಿಯಂದ್ರೇ.”

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಬಿತ್ತನೆಗೆ ಬಂದ ಜನರ ಮುಂದೆ ಇಡೀ ಲೋಡನ್ನು ವಾಪಸು ಹೊರಿಸುವುದು ಸುಲಭದ ಮಾತಲ್ಲ. ಒಬ್ಬ ನನ್ನ ಭತ್ತ ಮುಗ್ಗಲಾಗಿದೆ ಎಂದ. ಇನ್ನೊಬ್ಬ ವಿಷ ಬೆರೆಸಿದ್ದಾರೆ ಎಂದ. ಮ್ಯಾನೇಜರು ನನ್ನ ಕಿವಿಯಲ್ಲಿ, “ಆ ಚೀಲ ಒಂದನ್ನ ಹುಡುಕಿ ತಗೊಂಡು ಹೋಗಿ, ಮಿಕ್ಕದ್ದು ಇರಲಿ,” ಎಂದರು. ನಾನು ಸೂಜಿಯಕ್ಕನ ಮುಖ ನೋಡಿದೆ. ಯಾರ ಭತ್ತ ಯಾವ ಮಣ್ಣಿನದೆಂದು ಒಂದು ಕಾಳಿನಲ್ಲಿ ಹೇಳುತ್ತೇನೆಂದು ಬೀಗುವವಳು. ಅವಳು ಎದ್ದು ಚೀಲದಿಂದ ಚೀಲಕ್ಕೆ ಹೋದಳು. ಬಾಗಿ ನೋಡಿದಳು, ಮೂಸಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

“ಆಗಲ್ಲ,” ಎಂದಳು. “ಎರಡೂ ಒಂದೇ ಥರ ಇವೆ. ನನಗೆ ಗೊತ್ತಾಗಲ್ಲ.”

ಅಷ್ಟು ಜನರ ಮುಂದೆ ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಮೇಡಂ ಕೂಡ ತಲೆ ಅಲ್ಲಾಡಿಸಿದರು: ಪ್ರತಿ ಚೀಲದಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡಬಹುದು, ಆದರೆ ಆ ಹಿಡಿ ನಾವು ಕೈಯಿಟ್ಟ ಜಾಗದಲ್ಲೇ ಇರಬೇಕಲ್ಲ? ಇಡೀ ಲೋಡು ಸಂಸ್ಥೆಯ ಕಸ ಸುಡುವ ಕುಲುಮೆಗೆ ಹೋಯಿತು. ಲಾರಿಯ ತಳ ಗುಡಿಸಿದ ಕಸವೂ, ಸೂಜಿಯಕ್ಕನ ಏಪ್ರನ್ನೂ, ಅವಳು ಅವತ್ತು ಮೆಟ್ಟಿದ್ದ ಎರಡು ಜೊತೆ ಚಪ್ಪಲಿಗಳೂ ಹೋದವು. ಮನೆಗೆ ಅವಳು ನನ್ನ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅದನ್ನು ವಾಪಸು ತಂದಿಲ್ಲ. ಅದು ಬೇರೆ ಕತೆ.

ಅಧಿಕಾರಿ ಮರುದಿನ ಬಂದರು. ಗೋದಾಮಿನಲ್ಲೇ ಮೇಜು ಹಾಕಿಸಿ ಒಬ್ಬೊಬ್ಬರನ್ನೇ ಕೇಳಿದರು. ಸೂಜಿಯಕ್ಕನ ಸರದಿ ಬಂದಾಗ ಅವಳು ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

“ನೀವು ಸುರಿದದ್ದನ್ನ ಯಾರಾದ್ರೂ ನೋಡಿದ್ರಾ?”

“ನಾನೇ ನೋಡಿಲ್ಲ ಸ್ವಾಮಿ, ಇನ್ಯಾರು ನೋಡ್ತಾರೆ?”

“ಮತ್ತೆ ಹೇಳಿದ್ದು ಯಾಕೆ? ಹೇಳಿದ್ರೆ ಇವರ ಬೆಳೆ ಹೋಗುತ್ತೆ ಅಂತ ಗೊತ್ತಿತ್ತಲ್ಲ?”

ಅವಳು ಮೇಡಂ ಕಡೆ ತಿರುಗಿದಳು. ಮೇಡಂ ಗೋಡೆ ನೋಡುತ್ತಿದ್ದರು.

“ಬೆಳೆ ಉಳೀಲಿ ಅಂತಲೇ ಹೇಳಿದ್ದು,” ಎಂದಳು. “ಇವತ್ತು ಮುಚ್ಚಿಟ್ಟು, ನಾಳೆ ಯಾರದೋ ಗದ್ದೇಲಿ ಸಿಕ್ಕಿದ್ರೆ, ಆಮೇಲೆ ಇವರು ಮಗುವಿಗೆ ಅಂತ ಏನು ತಂದ್ರೂ ಯಾವ ತಾಯಿ ತಗೋತಾಳೆ? ನಾನಾದ್ರೆ ತಗೋತಿರಲಿಲ್ಲ.”

ಅಧಿಕಾರಿ ಬರೆದುಕೊಂಡು ಎದ್ದರು. ತೀರ್ಮಾನ ತಿಳಿಸುತ್ತೇವೆ ಎಂದು ಹೊರಟರು.

ಆ ತೀರ್ಮಾನಕ್ಕೆ ಕಾದ ದಿನಗಳು ಇದ್ದವಲ್ಲ, ಅವು ನನ್ನ ವ್ಯಾಪಾರದ ಆಯುಷ್ಯದಲ್ಲೇ ಉದ್ದನೆಯವು. ಮೇಡಂ ತಮ್ಮ ಬೀಜ ಬಿತ್ತಲೆಂದು ಬೇಲಿ ಹಾಕಿಸಿದ್ದ ಗದ್ದೆಯಲ್ಲಿ ಮಡಿ ಹದ ಮಾಡಿ ನೀರು ನಿಲ್ಲಿಸಿದ್ದರು. ದಿನ ಕಳೆದಂತೆ ನೀರಿನ ಮೇಲೆ ಪಾಚಿ ಕಟ್ಟಿತು. ಇನ್ನು ತಡವಾದರೆ ಬಿತ್ತಿಯೂ ಪ್ರಯೋಜನವಿಲ್ಲ ಎಂದು ಮೇಡಂ ಹೇಳಿದರು. ಆಮೇಲೆ ಅದನ್ನೂ ಹೇಳುವುದು ಬಿಟ್ಟರು. ಸೂಜಿಯಕ್ಕ ಹಿಂದಿನ ಬಾಗಿಲಿಗೆ ಬೀಗ ಹಾಕಿ, ಅದರ ಮುಂದೆ ಸ್ಟೂಲಿಟ್ಟು ಕೂತಳು. ಯಾರನ್ನೂ ಚುಚ್ಚಲಿಲ್ಲ. ಹಮಾಲರಿಗೇ ಭಯ ಹತ್ತಿತು. ಒಬ್ಬ ಬೇಕೆಂದೇ ಚೀಲವನ್ನು ತಲೆಕೆಳಗಾಗಿ ಹೊಲಿದು ತಂದು ತೋರಿಸಿದ. ಅವಳು ನೋಡಿ, “ಇರಲಿ ಬಿಡು,” ಎಂದಳು. ಅವನು ಪಾಪ ಅದನ್ನು ಬಿಚ್ಚಿ ತಾನೇ ಸರಿಯಾಗಿ ಹೊಲಿದ.

ಫೋನ್ ಬಂದಾಗ ಮೇಡಂ ಗೋದಾಮಿನ ನಡುವೆ ನಿಂತು ಕೇಳಿಸಿಕೊಂಡರು. ನಾವೆಲ್ಲ ಅವರ ಬೆನ್ನನ್ನು ನೋಡುತ್ತಿದ್ದೆವು. ಅವರು ಫೋನ್ ಇಟ್ಟು ತಿರುಗಿದರು.

“ಬಿತ್ತಬಹುದಂತೆ.”

ಗುಮಾಸ್ತ ಹೋ ಎಂದ. ಮೇಡಂ ಮಾತ್ರ ನಗಲಿಲ್ಲ. ಕಾಳು ಮಣ್ಣು ಸೇರುವ ಮೊದಲೇ ತಾವಾಗಿ ತಿಳಿಸಿ ಹಿಡಿದರೆಂದು ಅನುಮತಿ ಉಳಿಸಿದ್ದರು. ಷರತ್ತು ಹಾಕಿದ್ದರು: ಬೀಜವನ್ನು ಬೇರೆ ಕಟ್ಟಡಕ್ಕೆ ಸಾಗಿಸಬೇಕು, ಧಾನ್ಯದ ವ್ಯಾಪಾರದಲ್ಲಿ ಕೈ ಪಳಗಿದ ಯಾರೂ ಅಲ್ಲಿಗೆ ಕಾಲಿಡಬಾರದು.

“ಅಂದ್ರೆ ನೀವಿಬ್ರೂ,” ಎಂದರು ಮೇಡಂ, ನನ್ನನ್ನೂ ಅವಳನ್ನೂ ನೋಡಿ. “ಅಕ್ಕ, ನಾನು ಇನ್ನೊಂದು ಸಲ ಮಾತಾಡ್ತೀನಿ. ನೀವಿಲ್ಲದೆ...”

“ಬೇಡಮ್ಮ.” ಸೂಜಿಯಕ್ಕ ಸೊಂಟದಿಂದ ಬೀಗದ ಕೈ ತೆಗೆದಳು. “ಅವರು ಹೇಳಿದ್ದು ಸರಿ. ಈ ಕೈ ನನ್ನ ಮಾತು ಕೇಳಲ್ಲ. ಹಲ್ಲು ಬಂದಾಗಿನಿಂದ ಇದಕ್ಕೆ ಇದೇ ಕೆಲಸ. ಕಲಿತದ್ದನ್ನ ಮರೆಸೋಕೆ ನಿಮ್ಮ ಕತ್ತರಿಗೂ ಆಗಲ್ಲ.”

ಬೀಗದ ಕೈಯನ್ನು ಮೇಡಂ ಅಂಗೈಯಲ್ಲಿಟ್ಟು, ಆ ಅಂಗೈಯನ್ನು ತಾನೇ ಮಡಚಿದಳು. ಆಮೇಲೆ ತಲೆಕೆಳಗಿನ ಚೀಲ ಹೊಲಿದಿದ್ದ ಹಮಾಲನನ್ನು ಕರೆದು, ಉಳಿಸಿಟ್ಟ ಬೈಗುಳವನ್ನೆಲ್ಲ ಬಡ್ಡಿ ಸಮೇತ ಕೊಟ್ಟಳು.

ಮೇಡಂ ಭತ್ತ ಈಗ ಬೇಲಿಯಾಚೆ ತೆನೆ ಬಿಟ್ಟಿದೆ. ಅದರಿಂದ ಮಕ್ಕಳಿಗೆ ಏನಾಗುತ್ತದೋ ಇನ್ನೂ ಯಾರಿಗೂ ತಿಳಿಯದು. ಸೂಜಿಯಕ್ಕ ಕೆಲಸ ಮುಗಿಸಿ ಮನೆಗೆ ಹೋಗುವಾಗ ಬೇಲಿಯಿಂದ ಮಾರು ದೂರ ನಿಂತು ನೋಡುತ್ತಾಳೆ. ಎರಡೂ ಕೈ ಬೆನ್ನ ಹಿಂದೆ.

ಗೋದಾಮಿನಲ್ಲಿ ಅವಳು ಈಗ ಎಡಗೈಯಿಂದ ಭತ್ತ ಹಿಡಿಯುತ್ತಾಳೆ. ಚೆಲ್ಲುತ್ತದೆ, ತಡವಾಗುತ್ತದೆ, ಲಾರಿಯವರು ಗೊಣಗುತ್ತಾರೆ. ಯಾಕೆಂದು ಕೇಳಿದ್ದಕ್ಕೆ, “ಎಡಗೈಗೆ ಬುದ್ಧಿ ಕಮ್ಮಿ ಯಜಮಾನ್ರೇ. ಪ್ರತಿಯೊಂದಕ್ಕೂ ನನ್ನ ಕೇಳುತ್ತೆ,” ಎಂದಳು.

ಮುಗ್ಗಲು, ವಿಷ ಎಂದು ಅವತ್ತು ಕೂಗಿದವರೇ ಮುಂದಿನ ಬಿತ್ತನೆಗೆ ನನ್ನ ಬಾಗಿಲಿಗೆ ಬಂದರು. ಚೀಲ ಬಿಚ್ಚಿ ನೋಡಿ ಎಂದರೆ, ತಪ್ಪಾದರೆ ನಿಮ್ಮಲ್ಲಿ ಹೇಳುವವರಿದ್ದಾರಲ್ಲ ಎಂದು ಹೊಲಿಗೆ ಮುಟ್ಟದೆ ಹೊತ್ತು ಹೋದರು. ನನ್ನ ಅಂಗಡಿಗೆ ಇರುವ ಆ ನಂಬಿಕೆಯನ್ನು ನಾನು ಗಳಿಸಿದ್ದಲ್ಲ. ಅದಕ್ಕೆ ನಾನು ಸೂಜಿಯಕ್ಕನಿಗೆ ಋಣಿ.